ಘಟನೆ ಮುಗಿದಿದೆ, ಮಗುವಿಗೆ ಇನ್ನೂ ಮುಗಿದಿಲ್ಲ

[ದೃಶ್ಯ: ಓಡುತ್ತಿರುವ ಟಿವಿ. ನೆಲದ ಮೇಲೆ ಆಡುತ್ತಿರುವ ಮಗು.]

ನಮಸ್ಕಾರ. ಎಲ್ಲೋ ಗುಂಡಿನ ದಾಳಿ ಆಗಿದೆ, ಇಲ್ಲಾ ಬಾಂಬ್ ಸಿಡಿದಿದೆ. ನಾವು ಟಿವಿ ಬಿಟ್ಟು ಏಳುತ್ತಿಲ್ಲ. ಪಕ್ಕದಲ್ಲೇ ಮಗು ಆಡುತ್ತಿದೆ. 'ಅದಕ್ಕೇನು ಗೊತ್ತಾಗುತ್ತೆ' ಅಂದುಕೊಳ್ಳುತ್ತೇವೆ, ಅಲ್ವಾ?

ಗೊತ್ತಾಗುತ್ತದೆ, ಆದರೆ ಬೇರೆ ಥರ. ಒಂದೇ ಸ್ಫೋಟವನ್ನು ಹತ್ತು ಸಲ ತೋರಿಸಿದರೆ, ಹತ್ತು ಸ್ಫೋಟ ಆಗಿದೆ ಅಂತ ಚಿಕ್ಕ ಮಗು ತಿಳಿಯಬಹುದು. ದೊಡ್ಡವರನ್ನೂ ಇದು ಬಿಡುವುದಿಲ್ಲ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಮಾನಸಿಕ ಒತ್ತಡ ಅಧ್ಯಯನವೊಂದರಲ್ಲಿ ಕಂಡಿತು. ದಯವಿಟ್ಟು ಮೊದಲು ಟಿವಿ ಆರಿಸಿ.

ಆಮೇಲೆ ಕೇಳಿ: "ನಿನಗೇನು ಗೊತ್ತಾಯ್ತು ಪುಟ್ಟಾ?" ಪೂರ್ತಿ ಕೇಳಿಸಿಕೊಂಡು, ತಪ್ಪು ತಿಳಿದದ್ದನ್ನು ಮಾತ್ರ ತಿದ್ದಿ. 'ನಾನು ಹಠ ಮಾಡಿದ್ದಕ್ಕೇ ಹೀಗಾಯ್ತು' ಅಂತ ಎಷ್ಟೋ ಮಕ್ಕಳು ಒಳಗೊಳಗೇ ನಂಬಿರುತ್ತಾರೆ. ನಾವು ಕೇಳದೆ ಅದು ಹೊರಗೆ ಬರುವುದಿಲ್ಲ. "ಇನ್ನೇನೂ ಆಗಲ್ಲ" ಅಂತ ಮಾತು ಕೊಡಬೇಡಿ. "ಈಗ ನೀನು ನನ್ನ ಜೊತೆ ಇದ್ದೀಯ" ಅನ್ನಿ. ಅದು ನಿಜ.

[ದೃಶ್ಯ: ಆಟದ ಬಸ್ಸು]

1976ರಲ್ಲಿ ಅಮೆರಿಕದ ಚೌಚಿಲಾದಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿದರು. ಮಕ್ಕಳನ್ನು ನೆಲದಡಿ ಹೂತಿಟ್ಟ ವಾಹನದೊಳಗೆ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಅವರನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್, ಕೆಲವರು ನಡೆದದ್ದನ್ನೇ ಮತ್ತೆ ಮತ್ತೆ ಆಟವಾಗಿ ಆಡುವುದನ್ನು ಕಂಡರು. ನಿಮ್ಮ ಮಗುವೂ ಹಾಗೆ ಆಡಿದರೆ ಗದರಬೇಡಿ. ಪಕ್ಕದಲ್ಲಿ ಕೂತು ನೋಡಿ. ದಿನ ಕಳೆದಂತೆ ಆಟ ಬದಲಾದರೆ ಒಳ್ಳೆಯದು. ನಗುವಿಲ್ಲದೆ ಅಲ್ಲೇ ಸುತ್ತುತ್ತಿದ್ದರೆ ತಜ್ಞರಿಗೆ ತೋರಿಸಿ.

ಹದಿಹರೆಯದವರು ಆಟ ಆಡಿ ತೋರಿಸುವುದಿಲ್ಲ. ಸಿಡುಕುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ವಿಡಿಯೋವನ್ನು ನಮಗಿಂತ ಮೊದಲೇ ಫೋನಿನಲ್ಲಿ ನೋಡಿರುತ್ತಾರೆ. ಎದುರು ಕೂರಿಸಿ ವಿಚಾರಣೆ ಮಾಡಬೇಡಿ. ಜೊತೆಗೆ ನಡೆಯುವಾಗ, ಪಾತ್ರೆ ಒರೆಸುವಾಗ, "ಅದನ್ನ ನೋಡಿದ್ಯಾ?" ಅನ್ನಿ. ಉತ್ತರ ಬರದಿದ್ದರೆ ಒತ್ತಾಯ ಬೇಡ.

ಹಾಸಿಗೆ ಒದ್ದೆಯಾಗುವುದು, ಒಬ್ಬರೇ ಮಲಗಲು ಹೆದರುವುದು ಸಾಮಾನ್ಯ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಒಂದು ತಿಂಗಳಾದರೂ ಹೋಗದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಅದೇ ದಿನ ಹೋಗಿ, ಅಲ್ಲಿಯವರೆಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

[ದೃಶ್ಯ: ಆರಿದ ಟಿವಿ]