ಒಂದು ಗರ್ಭನಾಳ ಹೋದ ಮೇಲೆ

ಕೇಳುಗರಿಗೆ ನಮಸ್ಕಾರ. ಗರ್ಭಕೋಶದೊಳಗೆ ನೆಲೆಯೂರಬೇಕಾದ ಭ್ರೂಣವು ಅದರ ಹೊರಗೆ, ಬಹುಮಟ್ಟಿಗೆ ಅಂಡವನ್ನು ಗರ್ಭಕೋಶಕ್ಕೆ ಸಾಗಿಸುವ ಗರ್ಭನಾಳದಲ್ಲಿಯೇ, ನಿಂತುಬಿಡುವುದನ್ನು ಎಕ್ಟೋಪಿಕ್ ಗರ್ಭಧಾರಣೆ ಎನ್ನುತ್ತೇವೆ. ನೂರು ಬಸಿರುಗಳಲ್ಲಿ ಒಂದೆರಡು ಹೀಗಾಗುತ್ತವೆ. ಅಂಥ ಬಸಿರು ಹೆರಿಗೆಯವರೆಗೆ ಬೆಳೆಯಲಾರದು. ನಾಳ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಚಿಕಿತ್ಸೆ ಮುಗಿದು ಹೊಟ್ಟೆಯ ಗಾಯ ಮಾಯುವ ಮೊದಲೇ ಅವಳಲ್ಲಿ ಏಳುವ ಪ್ರಶ್ನೆ: ಇನ್ನು ನನಗೆ ಮಕ್ಕಳಾಗುವುದೇ?

ಬಹುಪಾಲು ಮಹಿಳೆಯರಿಗೆ ಆಗುತ್ತದೆ. ಮತ್ತೆ ಪ್ರಯತ್ನಿಸುವವರಲ್ಲಿ 100ಕ್ಕೆ ಸುಮಾರು 60ರಿಂದ 65 ಮಂದಿ ಒಂದೂವರೆ, ಎರಡು ವರ್ಷಗಳೊಳಗೆ ಗರ್ಭಕೋಶದಲ್ಲಿಯೇ ನೆಲೆನಿಂತ ಬಸಿರನ್ನು ಪಡೆಯುತ್ತಾರೆ.

ಚಿಕಿತ್ಸೆಗಾಗಿ ಎರಡು ನಾಳಗಳಲ್ಲಿ ಒಂದನ್ನು ತೆಗೆದ ಮೇಲೆ ಅವಕಾಶವೂ ಅರ್ಧಕ್ಕೆ ಇಳಿಯಿತೆಂದು ಅನೇಕರು ಕೊರಗುತ್ತಾರೆ. ಲೆಕ್ಕ ಸರಿಯಾಗಿ ಕಾಣುತ್ತದೆ, ಆದರೆ ದೇಹ ಹಾಗೆ ನಡೆಯುವುದಿಲ್ಲ. ಗರ್ಭನಾಳದ ತೆರೆದ ತುದಿಯು ಅಂಡಾಶಯಕ್ಕೆ ಬೆಸೆದುಕೊಂಡಿರುವುದಿಲ್ಲ. ಅಲ್ಲಿರುವ ಬೆರಳುಗಳಂಥ ಎಳೆಗಳು ಚಲಿಸುತ್ತ ಅಂಡವನ್ನು ಒಳಗೆ ಸೆಳೆದುಕೊಳ್ಳುತ್ತವೆ, ಮತ್ತು ಎಡಗಡೆಯ ಅಂಡಾಶಯ ಬಿಟ್ಟ ಅಂಡವನ್ನು ಬಲಗಡೆಯ ನಾಳ ಹಿಡಿದುಕೊಳ್ಳುವುದೂ ಉಂಟು. ಇನ್ನೊಂದು ನಾಳ ಆರೋಗ್ಯವಾಗಿದ್ದ ಮಹಿಳೆಯರನ್ನು ಕುರಿತು ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿ, 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಳವನ್ನು ಉಳಿಸಿಕೊಂಡವರಲ್ಲಿ ಶೇಕಡ 61ರಷ್ಟು, ತೆಗೆಸಿಕೊಂಡವರಲ್ಲಿ ಶೇಕಡ 56ರಷ್ಟು ಮಂದಿ ಮೂರು ವರ್ಷಗಳೊಳಗೆ ಸಹಜವಾಗಿಯೇ ಗರ್ಭಿಣಿಯರಾದರು. ಈ ಅಂತರವನ್ನು ಸಂಖ್ಯಾಶಾಸ್ತ್ರ ಗಣನೀಯವೆಂದು ಒಪ್ಪಲಿಲ್ಲ. ಹಾಗಾಗಿ ತೆಗೆದ ನಾಳಕ್ಕಿಂತ ಉಳಿದ ನಾಳದ ಸ್ಥಿತಿಯೇ ಮುಖ್ಯ ಎಂದು ನಾನು ಹೇಳುವುದು ಬರಿಯ ಸಮಾಧಾನದ ಮಾತಲ್ಲ.

ಶಸ್ತ್ರಚಿಕಿತ್ಸೆಯಿಲ್ಲದೆ, ಅಂಥ ಬಸಿರಿನ ಬೆಳವಣಿಗೆಯನ್ನು ನಿಲ್ಲಿಸುವ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಪಡೆದವರು ಮಾತ್ರ ಕನಿಷ್ಠ ಮೂರು ತಿಂಗಳು ಬಸಿರನ್ನು ಮುಂದೂಡಬೇಕು. ಆ ಔಷಧವು ಫೋಲಿಕ್ ಆಮ್ಲದ ಕೆಲಸವನ್ನು ತಡೆಯುತ್ತದೆ, ಭ್ರೂಣದ ಬೆಳವಣಿಗೆಗಾದರೋ ಆ ಆಮ್ಲವೇ ಬೇಕು.

ಉಳಿದ ನಾಳದ ವಿಷಯದಲ್ಲಿ ಎಚ್ಚರವೂ ಅಗತ್ಯ. ಲೈಂಗಿಕವಾಗಿ ಹರಡುವ ಕ್ಲಮೈಡಿಯದಂಥ ಸೋಂಕಾಗಲಿ ಧೂಮಪಾನವಾಗಲಿ ಹಾನಿ ಮಾಡುವಾಗ ಒಂದೇ ಕಡೆಯನ್ನು ಆರಿಸಿಕೊಳ್ಳುವುದಿಲ್ಲ. ಒಮ್ಮೆ ಎಕ್ಟೋಪಿಕ್ ಗರ್ಭಧಾರಣೆ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಹಾಗೆಯೇ ಆಗುತ್ತದೆ. ಎರಡು ಸಲ ಆದವರಲ್ಲಿ ಆ ಪ್ರಮಾಣ ನಾಲ್ಕರಲ್ಲಿ ಒಬ್ಬರಿಗೆ ಏರುತ್ತದೆ. ಎರಡೂ ನಾಳಗಳು ಕೆಟ್ಟವರಿಗೆ, ದೇಹದ ಹೊರಗೆ ಭ್ರೂಣವನ್ನು ರೂಪಿಸುವ ಐವಿಎಫ್ ದಾರಿ ಇದೆಯಾದರೂ, ಗರ್ಭಕೋಶದೊಳಗೆ ಇರಿಸಿದ ಭ್ರೂಣ ಅಪರೂಪಕ್ಕೆ ನಾಳದತ್ತ ಸರಿಯಬಲ್ಲದು.

ಆದ್ದರಿಂದ ಮುಂದಿನ ಸಲ ಮುಟ್ಟು ತಪ್ಪಿ ಬಸಿರು ಖಚಿತವಾದ ಕೂಡಲೇ ವೈದ್ಯರಿಗೆ ತಿಳಿಸಿ, ಆರನೆಯ ವಾರದ ಹೊತ್ತಿಗೆ ಸ್ಕ್ಯಾನ್ ಮಾಡಿಸಿ, ಗರ್ಭ ಎಲ್ಲಿ ನಿಂತಿದೆಯೆಂದು ನೋಡಿಸಿಕೊಳ್ಳಬೇಕು. ಅದಕ್ಕೆ ಮೊದಲೇ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ರಕ್ತಸ್ರಾವ, ಹೆಗಲ ತುದಿಯಲ್ಲಿ ನೋವು ಅಥವಾ ತಲೆಸುತ್ತು ಕಾಣಿಸಿಕೊಂಡರೆ, ಸ್ಕ್ಯಾನಿನ ದಿನಕ್ಕಾಗಿ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.