ಆ ಸದ್ದು ಏನು ಅಂತ ಗೊತ್ತಿರಲಿ

ಎಲ್ಲರಿಗೂ ನಮಸ್ಕಾರ. ನಾನು ವಾಯುಪಡೆಯಲ್ಲಿ ವಿಮಾನ ರಿಪೇರಿ ಕೆಲಸ ಮಾಡಿ ನಿವೃತ್ತನಾಗಿ ಈಗ ಚಿತ್ರದುರ್ಗದಲ್ಲೇ ಇದ್ದೇನೆ. ಇಲ್ಲಿ ಜನ ನನ್ನನ್ನು ಜಾಸ್ತಿ ಕೇಳುವುದು ಯುದ್ಧವಿಮಾನದ ಬಗ್ಗೆ ಅಲ್ಲ. "ಮಗಳು ದುಬೈಗೆ ಬಾ ಅಂತಿದಾಳೆ, ವಿಮಾನ ಏರುವಾಗ ಇಳಿಯುವಾಗ ಜೀವ ಕೈಲಿ ಹಿಡ್ಕೊಂಡು ಕೂತಿರ್ತೀನಿ, ಏನ್ಮಾಡ್ಲಿ?" ಅಂತ ಕೇಳುತ್ತಾರೆ. ಮಧ್ಯದಲ್ಲಿ ಇದೇ ಜನ ಆರಾಮಾಗಿ ಊಟ ಮಾಡಿ ನಿದ್ದೆನೂ ಹೊಡೆಯುತ್ತಾರೆ. ಕಷ್ಟ ಇರುವುದು ಆ ಮೊದಲಿನ ಹತ್ತು ನಿಮಿಷ, ಕೊನೆಯ ಇಪ್ಪತ್ತು ನಿಮಿಷ.

ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಯಾವ ಸದ್ದು ಯಾತರದ್ದು ಅಂತ ಮೊದಲೇ ತಿಳಿದುಕೊಂಡು ಹತ್ತಿ. ಧೈರ್ಯ ತಗೊಳ್ಳಿ, ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಸಿಕೊಳ್ಳಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೆನೆಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಕಣ್ಣು ಮುಚ್ಚಿದರೆ ಕಿವಿ ಇನ್ನೂ ಚುರುಕಾಗುತ್ತದೆ, ಗೊತ್ತಿಲ್ಲದ ಒಂದು ಸದ್ದು ಬಿತ್ತು ಅಂದರೆ ಮನಸ್ಸು ನೇರ ಕೆಟ್ಟದ್ದಕ್ಕೇ ಹೋಗುತ್ತದೆ.

ನಮ್ಮ ಅತ್ತಿಗೆ ದಾವಣಗೆರೆಯವರು. ದೆಹಲಿಯಲ್ಲಿರುವ ಮಗನಿಗೆ ಮಗು ಹುಟ್ಟಿತು. ಮಂಡಿನೋವು, ರೈಲಿನಲ್ಲಿ ಅಷ್ಟು ಹೊತ್ತು ಕೂರುವುದು ಆಗದ ಮಾತು. ಬೆಂಗಳೂರಿನಿಂದ ವಿಮಾನ ಅಂತಾಯ್ತು, ಜೊತೆಗೆ ನಾನು. ಸೀಟಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದೇವೆ, ವಿಮಾನ ಇನ್ನೂ ನೆಲದ ಮೇಲೇ ಇದೆ, ಕಾಲ ಕೆಳಗಿಂದ ಗರ್, ಗರ್, ಗರ್ ಅಂತ ಶುರುವಾಯಿತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಷ್ಟು ಜೋರಾಗಿ ಅಂದರೆ ಬಳೆ ಒತ್ತಿ ಗುರುತು ಬಿತ್ತು. "ಏನಪ್ಪಾ ಅದು, ಏನಾದ್ರೂ ಕಿತ್ಹೋಯ್ತಾ?"

"ಅತ್ತಿಗೆ, ಇದು ಏರ್‌ಬಸ್ ಎ320. ಈ ವಿಮಾನದಲ್ಲಿ ಇದು ಮಾಮೂಲಿ ಸದ್ದು. ಒಂದು ಕಡೆ ಹೈಡ್ರಾಲಿಕ್ ಒತ್ತಡ, ಅಂದರೆ ಕೊಳವೆಯೊಳಗಿನ ಎಣ್ಣೆಯ ಒತ್ತಡ, ಕಡಿಮೆ ಇದ್ದರೆ ಇನ್ನೊಂದು ಕಡೆಯಿಂದ ಕೊಡುವ ಪಂಪು ಅದು" ಅಂದೆ. ಅವರ ಬೋರ್ಡಿಂಗ್ ಪಾಸ್ ತಿರುಗಿಸಿ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ. ಒಂದು, ಗರ್ ಗರ್, ಪಂಪು. ಎರಡು, ನೆಲ ಬಿಟ್ಟ ಮೇಲೆ ಧಡ್, ಚಕ್ರ ಒಳಗೆ ಹೋಯಿತು. ಮೂರು, ಎಂಜಿನ್ ಸದ್ದು ತಗ್ಗುತ್ತದೆ, ಪೈಲಟ್ ತಾನೇ ತಗ್ಗಿಸಿದ್ದು. ನಾಲ್ಕು, ಕುಂಯ್ ಅಂತ ಎಳೆದ ಸದ್ದು, ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದೆ ಚಾಚಿ ಮಡಚುವ ಹಲಗೆ. ಐದು, ಡಿಂಗ್, ಅದು ಒಳಗಿನ ಸಿಬ್ಬಂದಿಯ ಗಂಟೆ. "ಒಂದೊಂದು ಕೇಳಿದ ಹಾಗೆ ಟಿಕ್ ಹಾಕ್ತಾ ಬನ್ನಿ" ಅಂತ ಪೆನ್ನು ಕೊಟ್ಟೆ.

ರನ್‌ವೇ ಮೇಲೆ ಓಡುವುದು 30ರಿಂದ 40 ಸೆಕೆಂಡು, ಅಷ್ಟೇ. ಎದ್ದಿತು. ಧಡ್ ಅಂತು, ಟಿಕ್ ಬಿತ್ತು. ಆಮೇಲೆ ಸದ್ದು ತಗ್ಗಿತು ನೋಡಿ, ಆಗ ಪೆನ್ನು ನಿಂತುಹೋಯಿತು, ಮುಖ ಬಿಳುಚಿತು. "ಇಂಜಿನ್ ನಿಂತ್ಹೋಯ್ತು ಕಣೋ!" ನಾನು ಸುಮ್ನೆ ಮೂರನೇ ಸಾಲಿನ ಮೇಲೆ ಬೆರಳಿಟ್ಟೆ. ಓದಿದರು. "ಓ, ಮೂರನೇದು" ಅಂತ ಟಿಕ್ ಹಾಕಿದರು. ದೆಹಲಿಯಲ್ಲಿ ಇಳಿಯುವ ಹೊತ್ತಿಗೆ ಪಕ್ಕದ ಸೀಟಿನ ಹುಡುಗ ಸೀಟಿನ ಹಿಡಿಕೆ ಬಿಗಿಯಾಗಿ ಹಿಡಿದು ಕೂತಿದ್ದ, ಅವನಿಗೆ ಇವರೇ ಹೇಳುತ್ತಿದ್ದರು, "ಹೆದರ್ಬೇಡಪ್ಪ, ಚಕ್ರ ಇಳಿಸಿದ್ರು ಅಷ್ಟೇ."

ಆ ಮೂರನೇ ಸಾಲು ಎಲ್ಲರನ್ನೂ ಹೆದರಿಸುತ್ತದೆ. 1,000ದಿಂದ 1,500 ಅಡಿ ಮೇಲೆ ಹೋದ ಮೇಲೆ ಅಷ್ಟು ಜೋರು ಬೇಕಿಲ್ಲ, ಅದಕ್ಕೆ ಎಂಜಿನ್ ತಗ್ಗಿಸುತ್ತಾರೆ, ಮೂತಿಯನ್ನೂ ಸ್ವಲ್ಪ ಇಳಿಸುತ್ತಾರೆ. ನಿಮ್ಮ ಒಳಕಿವಿ ಇದನ್ನೇ ಬೀಳುತ್ತಿದ್ದೇವೆ ಅಂತ ತಿಳಿಯುತ್ತದೆ. ಬೀಳುತ್ತಿಲ್ಲ. ಏರುತ್ತಲೇ ಇದೆ. ನಿಜವಾಗಿಯೂ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ಮೇಲೇರಿ ವಾಪಸ್ ಬಂದು ಇಳಿಯಬಹುದು. ಅದನ್ನು ತೋರಿಸಿಕೊಟ್ಟ ಮೇಲೇ ಆ ವಿಮಾನಕ್ಕೆ ಜನರನ್ನು ಹತ್ತಿಸುವ ಪರವಾನಗಿ.

ಇನ್ನು ರೆಕ್ಕೆ ಅಲ್ಲಾಡುತ್ತೆ ಅನ್ನುವವರು. ನಮ್ಮ ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿದ್ದೀರಲ್ವಾ? ಅದರ ರೆಕ್ಕೆಗೂ ವಿಮಾನದ ರೆಕ್ಕೆಗೂ ಕೆಲಸ ಒಂದೇ, ಗಾಳಿಯಿಂದ ಬಲ ತೆಗೆಯುವುದು. ಎರಡೂ ಬಾಗುತ್ತವೆ, ಬಾಗಲಿ ಅಂತಲೇ ಮಾಡಿರುವುದು. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹಾಕಿದರೂ ರೆಕ್ಕೆ ತಡೆಯಬೇಕು ಅನ್ನುವುದು ನಿಯಮ.

ಇಳಿಯುವಾಗ ಸದ್ದು ಇನ್ನೂ ಜಾಸ್ತಿ. ಫ್ಲ್ಯಾಪ್ ಚಾಚುತ್ತದೆ, ಚಕ್ರ ಇಳಿದಾಗ ಗಾಳಿ ಬಡಿದು ಭೋರ್ ಅನ್ನುತ್ತದೆ, ನೆಲ ಮುಟ್ಟಿದ ತಕ್ಷಣ ಎಂಜಿನ್ ಮತ್ತೆ ಅಬ್ಬರಿಸುತ್ತದೆ. ಅದು ನಿಲ್ಲಿಸುವುದಕ್ಕೆ, ಗಾಳಿಯನ್ನು ಮುಂದಕ್ಕೆ ತಳ್ಳುವ ರಿವರ್ಸ್. ವೇಗಕ್ಕೆ ಹೆದರುತ್ತೀರಾ? 2024ರ ಜೂನ್ 23ರಂದು ಇಸ್ರೋದವರು ಪುಷ್ಪಕ್ ಅನ್ನುವ ರೆಕ್ಕೆಯಿರುವ ಬಾಹ್ಯಾಕಾಶ ನೌಕೆಯ ಮಾದರಿಯನ್ನು ನಮ್ಮ ಚಳ್ಳಕೆರೆ ಹತ್ತಿರದ ಪರೀಕ್ಷಾ ರನ್‌ವೇ ಮೇಲೆ ಇಳಿಸಿದರಲ್ಲ, ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋಗಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ, ರನ್‌ವೇಗೆ ನೇರವಾಗಿ ಅಲ್ಲ, ಪಕ್ಕಕ್ಕೆ ಬಿಟ್ಟರು. ಒಳಗೆ ಪೈಲಟ್ ಇಲ್ಲ. ತಾನೇ ದಾರಿ ಸರಿಮಾಡಿಕೊಂಡು ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಬಂದು ಇಳಿದು ನಿಂತಿತು! ನಿಮ್ಮ ವಿಮಾನ ಇಳಿಯುವುದು ಸುಮಾರು 260ರಲ್ಲಿ, ಅದೂ ಇಬ್ಬರು ಪೈಲಟ್‌ಗಳ ಕೈಯಲ್ಲಿ. ಹೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟೈಮ್ ಆಗುತ್ತಿದೆ ಅಂತ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಮಳೆಯಲ್ಲಿ ಧಪ್ ಅಂತ ಇಳಿಸಿದರೆ ಪೈಲಟ್‌ನ ಬೈಯಬೇಡಿ. ಒದ್ದೆ ರನ್‌ವೇಯಲ್ಲಿ ಚಕ್ರ ನೀರಿನ ಮೇಲೆ ಜಾರದಂತೆ ಬೇಕಂತಲೇ ಗಟ್ಟಿಯಾಗಿ ಊರುತ್ತಾರೆ. ಇನ್ನೇನು ಇಳಿಯಿತು ಅನ್ನುವಾಗ ಮತ್ತೆ ಮೇಲೆ ಹೋದರೂ ಗಾಬರಿ ಬೇಡ, ಅವರು ಅದನ್ನು ಕಲಿತೇ ಬಂದಿರುತ್ತಾರೆ. ಎದೆ ಹೊಡೆದುಕೊಂಡರೆ ಉಸಿರನ್ನು ಉದ್ದಕ್ಕೆ, ನಿಧಾನವಾಗಿ ಹೊರಗೆ ಬಿಡಿ. ಹತ್ತುವ ಮುಂಚೆ ಕಾಫಿ ಬೇಡ. ಸಾಧ್ಯವಾದರೆ ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕು ಕಡಿಮೆ. ಕಿವಿ ಕಟ್ಟಿದರೆ ಪೆಪ್ಪರಮೆಂಟು ಚೀಪಿ, ಎಂಜಲು ನುಂಗುತ್ತಿರಿ, ಇಳಿಯುವಾಗ ನಿದ್ದೆ ಮಾಡಬೇಡಿ. ಎಳೆ ಮಗು ಇದ್ದರೆ ಆ ಹೊತ್ತಿಗೇ ಹಾಲು ಕೊಡಿ, ಅಳು ನಿಲ್ಲುತ್ತದೆ. ನೆಗಡಿ ಜೋರಾಗಿದ್ದರೆ ಮಾತ್ರ ಹೊರಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ನಮಸ್ಕಾರ.