ಫ್ರಿಜ್ ಗುಜರಿಗೆ ಹಾಕಿ ಅಂದವರಿಗೆ

ನಮಸ್ಕಾರ, ನಮಸ್ಕಾರ. ಇವತ್ತು ಬೇಸ್ ಗಿಟಾರ್ ತಂತಿ ಬದಲಾಯಿಸೋದು ಹೇಗೆ ಅಂತ ತೋರಿಸ್ತೀನಿ ಅಂದಿದ್ದೆ. ತೋರಿಸಲ್ಲ. ತಲೆ ಕೆಟ್ಟಿದೆ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದಾರೆ, ಓದ್ತೀನಿ ಕೇಳಿ: "ಸಾರ್, ನಿಮ್ಮ ಹಿಂದೆ ಇರೋ ಆ ಫ್ರಿಜ್‌ನ ಗುಜರಿಗೆ ಹಾಕಿ. ಈಗ ಎಲ್ಲಾ ಲ್ಯಾಪ್‌ಟಾಪಲ್ಲೇ ಬರುತ್ತೆ." ಪಕ್ಕದಲ್ಲಿ ನಗೋ ಮುಖ ಬೇರೆ. ನನ್ನ ವಿಡಿಯೋಗಿಂತ ಆ ಕಾಮೆಂಟ್‌ಗೇ ಲೈಕ್ ಜಾಸ್ತಿ. ಅದರಲ್ಲಿ ಒಂದು ಲೈಕು ನಮ್ಮ ಬ್ಯಾಂಡಿನ ಡ್ರಮ್ಮರ್‌ದು. ಅವನ ಹತ್ರ ಆಮೇಲೆ ಮಾತಾಡ್ತೀನಿ.

ಹೊಸದಾಗಿ ಬಂದೋರಿಗೆ ಹೇಳಿಬಿಡ್ತೀನಿ. ನನ್ನ ಹಿಂದೆ ನಿಂತಿರೋದು ಬೇಸ್ ಗಿಟಾರ್‌ನ ಸ್ಪೀಕರ್ ಪೆಟ್ಟಿಗೆ, ಆ್ಯಂಪೆಗ್ ಕಂಪನಿಯ ಎಸ್‌ವಿಟಿ 8x10. ಎಂಬತ್ತರ ದಶಕದ ಮಾಲು. ಹತ್ತಿಂಚಿನ ಎಂಟು ಸ್ಪೀಕರ್, ಎರಡೆರಡರ ನಾಲ್ಕು ಸಾಲು, ನಾಲ್ಕಡಿ ಎತ್ತರ, ಅರವತ್ತು ಕೆಜಿ ದಾಟೋ ತೂಕ. ಬೇಸ್ ನುಡಿಸೋರು ಇದನ್ನ ಜಗತ್ತಿನ ಎಲ್ಲಾ ಕಡೆ ಫ್ರಿಜ್ ಅಂತಲೇ ಕರೆಯೋದು ಸ್ವಾಮಿ, ನೀವೇನೂ ಹೊಸ ಜೋಕ್ ಕಂಡುಹಿಡಿದಿಲ್ಲ. ಈ ಜಾತಿ ಪೆಟ್ಟಿಗೆ ಹುಟ್ಟಿದ್ದು 1969ರಲ್ಲಿ, ಅಮೆರಿಕದಲ್ಲಿ. ಜೊತೆಗೆ 14 ವಾಲ್ವ್, ಅಂದ್ರೆ ಹಳೇ ರೇಡಿಯೋದಲ್ಲಿರ್ತಿದ್ದಂಥ ಗಾಜಿನ ಕೊಳವೆ, ಇರೋ 300 ವಾಟ್ ಆ್ಯಂಪ್ಲಿಫೈಯರ್. ಆ ವರ್ಷ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸ ಮಾಡಿದಾಗ ಅವರ ವೇದಿಕೆ ಮೇಲೆ ಇದರ ಮೊದಲ ಮಾದರಿಗಳಿದ್ದವು. ಆ ಆ್ಯಂಪ್ ದನಿ ಪೂರ್ತಿ ಏರಿಸಿದರೆ ಒಂದು ಪೆಟ್ಟಿಗೆ ತಡೀತಿರಲಿಲ್ಲ, ಎರಡು ಪೆಟ್ಟಿಗೆ ಹಚ್ಚಬೇಕಿತ್ತು. ಎರಡು ಫ್ರಿಜ್! ಗುಜರಿಯವನಿಗೆ ಹಬ್ಬ.

ನನ್ನ ಮಾತು ಒಂದೇ. ಈ ಪೆಟ್ಟಿಗೆ ಸಾಮಾನಲ್ಲ, ವಾದ್ಯ. ಎಲೆಕ್ಟ್ರಿಕ್ ಬೇಸ್ ಅನ್ನೋದು ಅರ್ಧ ನನ್ನ ಕೈಯಲ್ಲಿದೆ, ಇನ್ನರ್ಧ ಅಲ್ಲಿ ಹಿಂದೆ ನಿಂತಿದೆ. ವೀಣೆ ನುಡಿಸೋರ ಹತ್ರ ಹೋಗಿ "ಅಮ್ಮಾ, ತಂತಿ ಮೆಟ್ಟಿಲು ಇಟ್ಕೊಳ್ಳಿ, ಆ ಕೊಡ ಮಾತ್ರ ಬಹಳ ಜಾಗ ತಿನ್ನುತ್ತೆ, ಕತ್ತರಿಸಿ ಹಾಕಿ" ಅಂತ ಹೇಳಿ ನೋಡಿ. ಹೇಳಿ. ನಾನು ದೂರ ನಿಂತು ವಿಡಿಯೋ ಮಾಡ್ಕೋತೀನಿ.

ಸರಿ, ಲ್ಯಾಪ್‌ಟಾಪ್ ವಿಷಯಕ್ಕೆ ಬರೋಣ. ಆ್ಯಂಪು, ಸ್ಪೀಕರ್ ದನಿ ನಕಲು ಮಾಡೋ ಆ ಸಾಫ್ಟ್‌ವೇರ್ ತೆರೀರಿ. ಬೇಸ್‌ಗೆ ಸ್ಪೀಕರ್ ಆರಿಸಿ ಅನ್ನೋ ಪಟ್ಟಿ ಬರುತ್ತಲ್ಲ, ಅದರಲ್ಲಿ ಮೇಲೇ ಏನಿದೆ? ಎಂಟು ಹತ್ತಿಂಚು! ಚಿತ್ರ ಸಮೇತ! ಯಾರೋ ಪುಣ್ಯಾತ್ಮ ತನ್ನ ಫ್ರಿಜ್ ಮುಂದೆ ಮೈಕ್ ಇಟ್ಟು ಅಳತೆ ತಗೊಂಡಿದ್ದಕ್ಕೆ ನಿಮ್ಮ ಲ್ಯಾಪ್‌ಟಾಪಲ್ಲಿ "ಎಲ್ಲಾ" ಬರ್ತಾ ಇರೋದು. ಅವನೂ ಗುಜರಿಗೆ ಹಾಕಿದ್ದಿದ್ರೆ ನೀವು ಏನು ಡೌನ್‌ಲೋಡ್ ಮಾಡ್ತಿದ್ರಿ?

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಹೈಸ್ಕೂಲ್ ಲೆಕ್ಕ. ಹತ್ತಿಂಚಿನ ಎಂಟು ಕೋನ್‌ಗಳ, ಅಂದ್ರೆ ಸ್ಪೀಕರಲ್ಲಿ ಅದುರೋ ಕಾಗದದ ಮುಖಗಳ, ವಿಸ್ತೀರ್ಣ ಕೂಡಿಸಿದ್ರೆ ಹದಿನೈದಿಂಚಿನ ಮೂರೂವರೆ ಸ್ಪೀಕರಿನಷ್ಟಾಗುತ್ತೆ. ಅಷ್ಟು ಅಗಲಕ್ಕೆ ಗಾಳಿ ತಳ್ಳುತ್ತೆ, ಆದರೆ ಒಂದೊಂದು ಕೋನೂ ಸಣ್ಣದು, ಹಗುರ, ಕರೆದ ತಕ್ಷಣ ಓಡಿ ಬರುತ್ತೆ. ಒಳಗೆ ನಾಲ್ಕು ಕೋಣೆ, ಪ್ರತಿ ಕೋಣೆಗೂ ಎರಡು ಸ್ಪೀಕರ್, ಎಲ್ಲಾ ಬಿಗಿಯಾಗಿ ಮುಚ್ಚಿದ್ದು. ತೂತಿಲ್ಲ. ಒಳಗಿನ ಗಾಳಿಯೇ ಕೋನನ್ನ ಹಿಡಿದು ವಾಪಸ್ ಎಳೆಯುತ್ತೆ. ಅದಕ್ಕೇ ನೋಟ್ ನಿಲ್ಲಿಸಿದ್ರೆ ನಿಲ್ಲುತ್ತೆ, ಆಮೇಲೂ ಗುಂಯ್ ಅಂತ ಅಲೆಯಲ್ಲ. ತಮಾಷೆ ಏನು ಗೊತ್ತಾ? ಬೇಸ್‌ನ ಕೆಳಗಿನ ಇ ತಂತಿ 41 ಹರ್ಟ್ಸ್. ಈ ಪೆಟ್ಟಿಗೆಯ ದನಿ 58ರ ಹತ್ರಾನೇ ತಗ್ಗೋಕೆ ಶುರು ಮಾಡುತ್ತೆ. ಅಂದ್ರೆ ಮೂಲ ಸ್ವರಕ್ಕಿಂತ ಅದರ ಜೊತೆ ಹುಟ್ಟೋ, ಎರಡರಷ್ಟು ಮೇಲಿನ 82 ಹರ್ಟ್ಸೇ ನಿಮಗೆ ಜೋರಾಗಿ ಕೇಳೋದು. ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಹಾಕ್ಕೊಂಡು ಸಿಗ್ನಲ್‌ನಲ್ಲಿ ಗಾಜು ಅದುರಿಸೋರಿಗೆ ಇದು ಅರ್ಥ ಆಗಲ್ಲ, ಬಿಡಿ. ಆಳ ಬೇರೆ, ಹೊಡೆತ ಬೇರೆ. ಐವತ್ತು ವರ್ಷದ ರಾಕ್ ಸಂಗೀತ ಆ ಹೊಡೆತದ ಮೇಲೆ ನಿಂತಿದೆ. ಹಾಗೆ ತನ್ನದೇ ದನಿ ಕೊಡೋ ವಸ್ತುಗೆ ಏನಂತಾರೆ? ವಾದ್ಯ ಅಂತಾರೆ.

ಇನ್ನೊಂದು. ನಾಲ್ಕಡಿ ಎತ್ತರ ಇದೆಯಲ್ಲ, ಮೇಲಿನ ಸಾಲಿನ ಸ್ಪೀಕರ್ ನನ್ನ ಎದೆ ಹತ್ರ ಬರುತ್ತೆ. ಸಣ್ಣ ಪೆಟ್ಟಿಗೆ ನೆಲದ ಮೇಲಿದ್ರೆ ಮೊಣಕಾಲಿಗೆ ಚೆನ್ನಾಗಿ ಕೇಳುತ್ತೆ. ಮೊಣಕಾಲಿಗೆ ಸಂಗೀತ ಜ್ಞಾನ ಇರೋರು ಅದನ್ನೇ ತಗೊಳ್ಳಿ. ಇದರ ಮುಂದೆ ನಿಂತ್ರೆ ಬೆರಳಿನ ಒತ್ತಡವೇ ಬದಲಾಗುತ್ತೆ. ಮೆಲ್ಲಗೆ ಮೀಟ್ತೀರಿ, ಅದು ಜೋರಾಗಿ ಮಾತಾಡುತ್ತೆ. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನುಡಿಸಿದಾಗ ಇದೇ ಕೈ ತಂತಿನ ಗುದ್ದುತ್ತೆ.

ಈ ಮಧ್ಯೆ ಒಂದು ಮಾತು. ಚಾನೆಲ್ ಸಬ್‌ಸ್ಕ್ರೈಬ್ ಆಗಿ. ಗಂಟೆ ಒತ್ತಿ. ನೋಡೋರಲ್ಲಿ ಅರ್ಧಕ್ಕೂ ಜಾಸ್ತಿ ಜನ ಸಬ್‌ಸ್ಕ್ರೈಬ್ ಆಗದೆ ಬಿಟ್ಟಿ ನೋಡ್ತಿದೀರಿ, ನನಗೆ ಗೊತ್ತು. ಬೇಸ್ ಕಲಿಯೋ ಕೋರ್ಸ್ ಲಿಂಕು ಕೆಳಗಿದೆ, ಕನ್ನಡದಲ್ಲೇ ಇದೆ.

ಎಲ್ಲಿದ್ದೆ? ಹ್ಞಾಂ, ಜ್ಞಾನಿಗಳು. ಇನ್ನೊಬ್ಬರು ಬರೆದಿದಾರೆ: "ಜೇಮ್ಸ್ ಜೇಮರ್ಸನ್ ಮೋಟೌನ್‌ನಲ್ಲಿ ನೇರ ಡೆಸ್ಕಿಗೇ ಪ್ಲಗ್ ಮಾಡಿ ರೆಕಾರ್ಡ್ ಮಾಡ್ತಿದ್ರು, ಗೊತ್ತಾ?" ಗೊತ್ತು ಸ್ವಾಮಿ. ಜೇಮರ್ಸನ್ ಅಂದ್ರೆ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ದೊಡ್ಡ ಬೇಸ್ ವಾದಕ, ಡೆಸ್ಕ್ ಅಂದ್ರೆ ಸ್ಟುಡಿಯೋದ ಮಿಕ್ಸರ್, ಪೆಟ್ಟಿಗೆಯೇ ಇಲ್ಲದೆ. ರಾತ್ರಿ ಕ್ಲಬ್‌ಗೆ ಹೋದಾಗ ಏನು ಹೊರ್ತಿದ್ರು, ಅದು ನಿಮಗೆ ಗೊತ್ತಾ? ಆ್ಯಂಪೆಗ್ ಬಿ-15. ಹದಿನೈದಿಂಚಿನ ಸ್ಪೀಕರ್ ಇರೋ ಪೆಟ್ಟಿಗೆ! ಅರ್ಧ ಇತಿಹಾಸ ಓದಿ ಪೂರ್ತಿ ಕಾಮೆಂಟ್ ಹಾಕೋರು ನೀವು. ಅಲ್ಲದೆ ನೀವು ಜೇಮರ್ಸನ್ನಾ? ನಾನಂತೂ ಅಲ್ಲ. ನನಗೆ ಪೆಟ್ಟಿಗೆ ಬೇಕು.

ಮತ್ತೊಬ್ಬರು: "ಈಗ ಸ್ಪೀಕರಿಗೆ ಹಗುರಾದ ನಿಯೋಡಿಮಿಯಂ ಮ್ಯಾಗ್ನೆಟ್ ಬಂದಿದೆ, ಪೆಟ್ಟಿಗೆನ ಒಂದೇ ಕೈಯಲ್ಲಿ ಎತ್ತಬಹುದು." ಎತ್ತಿ. ಯಾರು ಬೇಡ ಅಂದ್ರು? ಭೌತಶಾಸ್ತ್ರ ಮಾತ್ರ ರಿಯಾಯಿತಿ ಕೊಡಲ್ಲ. ಸಣ್ಣ ಪೆಟ್ಟಿಗೆ, ಜೋರು ದನಿ, ಆಳದ ಬೇಸ್, ಈ ಮೂರರಲ್ಲಿ ಎರಡು ಆರಿಸ್ಕೋಬೇಕು. ಹಗುರಾಗಿದ್ದು ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಹೇಳ್ತಿದೀನಿ. ಹೌದು, ಹೇಳ್ತಿದೀನಿ.

ಹಳೇದು ಇಟ್ಕೊಂಡಿರೋರು ದಯವಿಟ್ಟು ಇದನ್ನ ಕೇಳಿಸಿಕೊಳ್ಳಿ, ಇದು ಜಗಳ ಅಲ್ಲ, ಕೆಲಸದ ಮಾತು. ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ; ಈ ಪೆಟ್ಟಿಗೆಯ ಒಂದೊಂದು ಸ್ಪೀಕರೂ 32 ಓಮ್. ಎಂಟನ್ನೂ ಸಮಾನಾಂತರವಾಗಿ ಜೋಡಿಸಿದ್ರೆ ಒಟ್ಟು 4 ಓಮ್. ಒಂದು ಸುಟ್ಟು ಹೋದ್ರೆ ಉಳಿದ ಏಳು ಹಾಡ್ತಾನೇ ಇರುತ್ತವೆ, ನಿಮಗೆ ಗೊತ್ತೇ ಆಗಲ್ಲ. ಆಗ ಮನೆ ಹತ್ರದ ರಿಪೇರಿ ಅಂಗಡಿಯವನು "ಹತ್ತಿಂಚು ತಾನೇ ಸಾರ್" ಅಂತ 8 ಓಮ್‌ದು ಒಂದು ಹಾಕಿ ಕೊಡ್ತಾನೆ. ಒಟ್ಟು 3 ಓಮ್‌ಗಿಂತ ಕೆಳಗೆ ಇಳೀತು. ಆ ಒಂದು ಸ್ಪೀಕರ್ ಪಕ್ಕದವುಗಳ ನಾಲ್ಕರಷ್ಟು ಕರೆಂಟ್ ಕುಡೀತು. ಆ್ಯಂಪು ಬಿಸಿ, ಸ್ಪೀಕರು ಹೊಗೆ. ಮುಟ್ಟಿಸಬೇಡಿ! 32 ಓಮ್‌ದೇ ಹುಡುಕಿಸಿ, ಇಲ್ಲಾ ಅದೇ ಫ್ರೇಮಿಗೆ ಅದೇ ಓಮ್‌ನ ಕಾಯಿಲ್ ಹಾಕಿ ರೀಕೋನ್ ಮಾಡಿಸಿ, ಅಂದ್ರೆ ಹೊಸ ಕೋನ್ ಕೂರಿಸಿ. ಹಿಂದಿನ ಜಾಕ್ ಪ್ಲೇಟ್ ಸ್ಕ್ರೂ ಸಡಿಲ ಇದ್ರೆ ಬಿಗಿ ಮಾಡಿ, ಗಾಳಿ ಸೋರಿದ್ರೆ ಪುಸ್ ಅಂತ ಶಬ್ದ ಬರುತ್ತೆ. ಇಷ್ಟೇ ಸೇವೆ. ಚಾರ್ಜಿಂಗ್ ಬೇಡ, ಅಪ್‌ಡೇಟ್ ಬೇಡ, ಪಾಸ್‌ವರ್ಡ್ ಬೇಡ. ಯಾಕೆಂದ್ರೆ ಅದು ಆ್ಯಪ್ ಅಲ್ಲ. ಏನು? ಎಲ್ಲರೂ ಹೇಳಿ. ವಾದ್ಯ!

ಅದನ್ನ ಹಾಲ್‌ನಲ್ಲಿ ನಿಲ್ಲಿಸಿ ಮೇಲೆ ಕ್ರೋಷಾ ಬಟ್ಟೆ, ಅದರ ಮೇಲೆ ಮನಿಪ್ಲಾಂಟು ಇಡೋ ವಿಂಟೇಜ್ ಪ್ರೇಮಿಗಳೂ ಇದಾರೆ. ಲ್ಯಾಪ್‌ಟಾಪ್ ಗಿರಾಕಿಗಳಿಗಿಂತ ನೀವು ಮೇಲೇನಲ್ಲ. ನೀರು ಸೋರಿ ಪ್ಲೈವುಡ್ ಉಬ್ಬುತ್ತೆ, ಕೋನ್ ಕಾಗದದ್ದು. ಸಂಜೆ ಒಂದು ಗಂಟೆ ನುಡಿಸ್ರಪ್ಪ. ರಾತ್ರಿ ಹತ್ತರ ಮೇಲೆ ಕಾನೂನು ಬಿಡಲ್ಲ, ಹತ್ತರ ಒಳಗೆ ಬಿಡುತ್ತಲ್ಲ. ಕೆಳಗಿನ ಮನೆ ಅಂಕಲ್ ಬಾಗಿಲು ಬಡೀತಾರೆ, ಬಡೀಲಿ. ನಮ್ಮ ಕೆಳಗಿನ ಮನೆಯವರು ಬಡಿಯೋದೂ ಈಗೀಗ ತಾಳಕ್ಕೆ ಸರಿಯಾಗಿ ಬರ್ತಿದೆ.

"ಬೆನ್ನು ನೋವು ಬರಲ್ವಾ ಸಾರ್?" ಬರುತ್ತೆ. "ಟಾಟಾ ಏಸ್ ಬಾಡಿಗೆ ಸಂಭಾವನೆಗಿಂತ ಜಾಸ್ತಿ ಆಗಲ್ವಾ?" ಆಗುತ್ತೆ. "ಪಬ್‌ನಲ್ಲಿ ಸೌಂಡ್ ಇಂಜಿನಿಯರ್ ಹೇಗೂ ನಿಮ್ಮ ದನಿ ತಗ್ಗಿಸಿ ಅಂತಾನಲ್ಲ?" ಅಂತಾನೆ! ದಿನಾ ಅಂತಾನೆ! ಆದ್ರೂ ತಗೊಂಡು ಹೋಗ್ತೀನಿ. ಯಾಕೆ? ವಾದ್ಯ! ಕಾರಣ ಮುಗೀತು, ಇನ್ನು ಕಾರಣ ಕೇಳಬೇಡಿ. ಕಾಮೆಂಟ್ ಹಾಕಿದ ಮಹಾನುಭಾವರೇ, ನಿಮ್ಮ ಲ್ಯಾಪ್‌ಟಾಪ್ ಫ್ಯಾನ್ ಶಬ್ದ ಯಾವ ಶ್ರುತಿಯಲ್ಲಿದೆ ಅಂತ ತಿಳಿಸಿ, ಅದಕ್ಕೆ ಟ್ಯೂನ್ ಮಾಡ್ಕೋತೀನಿ.

ಶನಿವಾರ ನಮ್ಮ ಬ್ಯಾಂಡಿನ ಕಾರ್ಯಕ್ರಮ ಇದೆ, ಎಲ್ಲಿ ಅಂತ ಕೆಳಗೆ ಹಾಕಿರ್ತೀನಿ. ಎರಡನೇ ಮಹಡಿ. ಲಿಫ್ಟ್ ಇದೆಯಂತೆ, ಕೆಟ್ಟಿದೆಯಂತೆ. ಡ್ರಮ್ಮರ್ ಆಗಲೇ ಫೋನ್ ಎತ್ತೋದು ನಿಲ್ಲಿಸಿದಾನೆ. ತೋಳಲ್ಲಿ ಬಲ ಇರೋ ಇಬ್ಬರು ಸಬ್‌ಸ್ಕ್ರೈಬರ್ಸ್ ಐದು ಗಂಟೆಗೆ ಬನ್ನಿ. ಮಸಾಲೆ ದೋಸೆ, ಕಾಫಿ ನನ್ನ ಲೆಕ್ಕ. ಸಬ್‌ಸ್ಕ್ರೈಬ್ ಆಗದೇ ಇರೋರು ಬಂದ್ರೆ ಖಾಲಿ ಕಾಫಿ.